ಡಿವಿಡೆಂಡ್ ಎಲ್ಲಿ ಹೋಯ್ತು?

2025ರ ಜುಲೈನಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಅಪ್ಪನ ಫೋನು. ಆ ಹೊತ್ತಿಗೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಎತ್ತಿದರೆ ನೇರ ವಿಷಯಕ್ಕೇ ಬಂದರು.

"ಏನೋ, ಈ ಆಪಿನೋರು ನನ್ನ ಡಿವಿಡೆಂಡ್ ನುಂಗ್ಕೊಂಡ್ರು ಕಣೋ."

ನಮ್ಮದು ತಿಪಟೂರು ಕಡೆ. ತೆಂಗಿನ ತೋಟ. ಅಪ್ಪ ಜೀವಮಾನವೆಲ್ಲ ಕೊಬ್ಬರಿ ಮಾರಿದವರು. ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗೆ ಗಿಟುಕು ಅಲ್ಲಾಡೋ ಸದ್ದು ಕೇಳಿದ ಮೇಲೆ ಸುಲಿಸಿ, ಮೂಟೆ ಕಟ್ಟಿ ಮಂಡಿಗೆ ಹೊತ್ತವರು. ಆ ವರ್ಷ ಕೊಬ್ಬರಿಗೆ ಬಂಗಾರದ ಬೆಲೆ ಬಂತು. ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯಿತು. ದೊಡ್ಡಪ್ಪನ ಮಗ ಬಂದವನು ಅಪ್ಪನ ಫೋನಿನಲ್ಲಿ ಒಂದು ಟ್ರೇಡಿಂಗ್ ಆಪ್ ಹಾಕಿಕೊಟ್ಟ. ಆಧಾರ್, ಪ್ಯಾನ್, ಒಂದು ಸೆಲ್ಫಿ. ಎರಡು ದಿನಕ್ಕೆ ಷೇರು ಇಟ್ಟುಕೊಳ್ಳೋ ಡಿಮ್ಯಾಟ್ ಖಾತೆ ರೆಡಿ.

ಅಪ್ಪ ಒಂದು ಕಂಪನಿಯ 120 ಷೇರು ಕೊಂಡಿದ್ದರು. ಒಂದಕ್ಕೆ 500 ರೂಪಾಯಿ, ಒಟ್ಟು 60,000. ಷೇರಿಗೆ 12 ರೂಪಾಯಿ ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚೋ ಪಾಲು, ಕೊಡ್ತಾರೆ ಅಂತ ಯಾರೋ ಹೇಳಿದ್ದರಿಂದಲೇ ಕೊಂಡಿದ್ದು. ಕೊಂಡ ನಾಲ್ಕನೇ ದಿನಕ್ಕೆ ಬೆಲೆ 490 ಆಯಿತು. ಆಪ್ ತೆರೆದರೆ ಕೆಂಪು ಅಕ್ಷರದಲ್ಲಿ ಮೈನಸ್ 1,200. ಡಿವಿಡೆಂಡ್ ಕೊಟ್ಟಾಯ್ತು ಅಂತ ಮೇಲ್ ಬಂದು ವಾರವಾದರೂ ಆಪಿನಲ್ಲಿ ಒಂದು ಪೈಸೆ ಕಾಣಿಸಲಿಲ್ಲ. ಮಂಡಿಯಲ್ಲಿ ನಲವತ್ತು ವರ್ಷ ವ್ಯವಹಾರ ಮಾಡಿದವರಿಗೆ ಇದರಿಂದ ಬರೋ ಅನುಮಾನ ಒಂದೇ. ದಲ್ಲಾಳಿ ತಿಂದ.

ದಲ್ಲಾಳಿ ತಿಂದಿರಲಿಲ್ಲ. ಡಿವಿಡೆಂಡ್ ಆಪಿಗೆ ಬರೋದೇ ಇಲ್ಲ. ನಾನೂ ಇದನ್ನು ಕಲಿತದ್ದು ಷೇರು ಕೊಳ್ಳಲು ಶುರು ಮಾಡಿ ಎರಡು ವರ್ಷವಾದ ಮೇಲೆ, ಅದೂ ಹೀಗೇ ಹುಡುಕಾಡಿ. ಕಂಪನಿ ಡಿವಿಡೆಂಡ್ ಘೋಷಿಸುತ್ತೆ. ರೆಕಾರ್ಡ್ ಡೇಟ್ ದಿನ ಯಾರ ಹೆಸರಲ್ಲಿ ಎಷ್ಟು ಷೇರು ಇದೆ ಅನ್ನೋ ಪಟ್ಟಿ ಎಲ್ಲರ ಷೇರಿನ ಲೆಕ್ಕ ಇಡೋ ಡಿಪಾಸಿಟರಿಯಿಂದ ಹೋಗುತ್ತೆ. ಕಂಪನಿಯ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳೋ ರಿಜಿಸ್ಟ್ರಾರ್ ಸಂಸ್ಥೆ ಆ ಪಟ್ಟಿ ಹಿಡಿದು, ಡಿಮ್ಯಾಟ್ ಖಾತೆಗೆ ಜೋಡಿಸಿರೋ ಬ್ಯಾಂಕ್ ಖಾತೆಗೆ ನೇರವಾಗಿ ದುಡ್ಡು ಹಾಕುತ್ತೆ. ಘೋಷಣೆಯಾದ 30 ದಿನದೊಳಗೆ ಕೊಡಬೇಕು ಅಂತ ಕಂಪನಿ ಕಾಯ್ದೆಯಲ್ಲೇ ಇದೆ. ಈ ಇಡೀ ದಾರಿಯಲ್ಲಿ ಆಪಿಗೆ ಕೆಲಸವೇ ಇಲ್ಲ.

"ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬನ್ನಿ ಅಪ್ಪ" ಅಂದೆ. ಹಾಕಿಸಿದರು. ಗ್ಯಾಸ್ ಸಬ್ಸಿಡಿಗೂ ಹಾಲಿನ ಡೇರಿ ದುಡ್ಡಿಗೂ ನಡುವೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ಅದರ ಮುಂದೆ 1,440 ರೂಪಾಯಿ. ಬಂದು ಹತ್ತು ದಿನವಾಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪ ಪೂರ್ತಿ ಲೆಕ್ಕ ಕೇಳಿದರು. ಆ ಭಾನುವಾರ ಊರಿಗೆ ಹೋದೆ. ಜಗಲಿ ಮೇಲೆ ಕೂತು, ಅವರ ಜಮಾ-ಖರ್ಚಿನ ಪುಸ್ತಕ ಒಂದು ಕಡೆ, ನನ್ನ ಲ್ಯಾಪ್‌ಟಾಪ್ ಒಂದು ಕಡೆ.

ಮೊದಲ ಪ್ರಶ್ನೆ: "ಬೆಲೆ ಯಾಕೆ ಬಿತ್ತು?"

ಈಗ ಷೇರು ಇವತ್ತು ಕೊಂಡರೆ ಮುಂದಿನ ವಹಿವಾಟಿನ ದಿನ ಡಿಮ್ಯಾಟಿಗೆ ಬರುತ್ತೆ. 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಇದೇ ನಿಯಮ. ಹಾಗಾಗಿ ಎಕ್ಸ್-ಡೇಟ್ (ಡಿವಿಡೆಂಡ್ ಹಕ್ಕಿಲ್ಲದೆ ಷೇರು ಮಾರಾಟವಾಗೋ ಮೊದಲ ದಿನ), ರೆಕಾರ್ಡ್ ಡೇಟ್ ಎರಡೂ ಈಗ ಒಂದೇ ದಿನ. ಆ ದಿನ ಕೊಂಡವರಿಗೆ ಡಿವಿಡೆಂಡ್ ಇಲ್ಲ, ಹಿಂದಿನ ದಿನ ಕೊಂಡವರಿಗೆ ಉಂಟು. ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಷೇರಿಗೆ 12 ರೂಪಾಯಿ ಆಚೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆ ದಿನ ಬೆಳಗ್ಗೆ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಕೆಳಗೆ ಶುರುವಾಗುತ್ತೆ. ಪೇಟೆಯ ಉಳಿದ ಏರಿಳಿತ ಬೇರೆ.

ನಾನು ಇದನ್ನು ವಿವರಿಸೋಕೆ ಚಿತ್ರ ಬರೆಯಲು ಹೊರಟಿದ್ದೆ. ಅಪ್ಪ ಅರ್ಧಕ್ಕೇ ತಡೆದರು. "ಕಾಯಿ ಕಿತ್ತ ತೋಟಕ್ಕೆ ಕಾಯಿ ಇರೋ ತೋಟದ ಬೆಲೆ ಯಾರು ಕೊಡ್ತಾರೆ? ಅಷ್ಟೇ ತಾನೆ?"

ಅಷ್ಟೇ. ಡಿವಿಡೆಂಡಿಗಾಗಿ ಹಿಂದಿನ ದಿನ ಷೇರು ಕೊಳ್ಳೋದು ಅಂದರೆ ಕಾಯಿ ಸಮೇತ ತೋಟ ಕೊಂಡು, ಕಾಯಿ ಬಿಟ್ಟಿ ಸಿಕ್ಕಿತು ಅಂದುಕೊಂಡ ಹಾಗೆ. ಕಾಯಿಯ ದುಡ್ಡನ್ನೂ ಕೊಟ್ಟಿರ್ತೀವಿ. ಜೊತೆಗೆ ಆ ಕಾಯಿ ತೆರಿಗೆಗೆ ಬೇರೆ ಸೇರುತ್ತೆ. 2020ರ ಏಪ್ರಿಲಿನಿಂದ ಡಿವಿಡೆಂಡ್ ನಮ್ಮ ಆದಾಯದ ಭಾಗ, ನಮ್ಮ ಸ್ಲ್ಯಾಬಿನ ಪ್ರಕಾರ ತೆರಿಗೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ನೂರಕ್ಕೆ 10 ಟಿಡಿಎಸ್ ಹಿಡಿದೇ ಕೊಡ್ತಾರೆ. 2025ರ ಏಪ್ರಿಲಿಗೆ ಮುಂಚೆ ಈ ಮಿತಿ 5,000 ಇತ್ತು. ಅಪ್ಪನಿಗೆ ಇದು ಮುಟ್ಟಲಿಲ್ಲ, ಮುಂದೆ ಹೋದೆವು.

ಇಲ್ಲಿ ಇನ್ನೊಂದು ಗುಂಡಿ ಇದೆ, ಅದನ್ನು ಹೇಳಲೇಬೇಕು. ಡಿವಿಡೆಂಡನ್ನು ಪರ್ಸೆಂಟಿನಲ್ಲಿ ಹೇಳೋ ಚಾಳಿ. ಪರ್ಸೆಂಟ್ ಅಂದರೆ ಪೇಟೆ ಬೆಲೆಯ ಮೇಲಲ್ಲ, ಮುಖಬೆಲೆಯ ಮೇಲೆ, ಅಂದರೆ ಕಂಪನಿ ತನ್ನ ಪುಸ್ತಕದಲ್ಲಿ ಷೇರಿಗೆ ಬರೆದಿಟ್ಟ ಮೂಲ ಬೆಲೆಯ ಮೇಲೆ. ಕೆನರಾ ಬ್ಯಾಂಕ್ 2024-25ಕ್ಕೆ 200 ಪರ್ಸೆಂಟ್ ಡಿವಿಡೆಂಡ್ ಕೊಟ್ಟಿತು. ಕೇಳೋಕೆ ಎಷ್ಟು ಭರ್ಜರಿ! ಆದರೆ ಆ ಷೇರಿನ ಮುಖಬೆಲೆ 2 ರೂಪಾಯಿ. ಅಂದರೆ ಷೇರಿಗೆ 4 ರೂಪಾಯಿ. ಅದೇ ವರ್ಷ ಇನ್ಫೋಸಿಸ್ ಎರಡು ಕಂತಿನಲ್ಲಿ 21 ಮತ್ತು 22, ಒಟ್ಟು 43 ರೂಪಾಯಿ ಕೊಟ್ಟಿತು. ಮುಖಬೆಲೆ 5, ಹಾಗಾಗಿ ಲೆಕ್ಕದಲ್ಲಿ ಅದು 860 ಪರ್ಸೆಂಟ್. ಅವತ್ತಿನ ಪೇಟೆ ಬೆಲೆಗೆ ಹೋಲಿಸಿದರೆ ನೂರಕ್ಕೆ ಮೂರರ ಆಸುಪಾಸು. 860 ಎಲ್ಲಿ, 3 ಎಲ್ಲಿ.

ಇನ್ಫೋಸಿಸ್ ಅಂದ ಮೇಲೆ ಆ ಕಥೆ ಬರಲೇಬೇಕು. ನಮ್ಮ ರಾಜ್ಯದಲ್ಲಿ ಮದುವೆ ಮನೆಯಲ್ಲಿ ಷೇರಿನ ಮಾತು ಬಂದರೆ ಯಾರಾದರೊಬ್ಬರು "1993ರಲ್ಲಿ 100 ಷೇರು ತಗೊಂಡಿದ್ರೆ..." ಅಂತ ಶುರು ಮಾಡೇ ಮಾಡ್ತಾರೆ. ಇನ್ಫೋಸಿಸ್ ಮೊದಲ ಸಲ ಜನರಿಗೆ ಷೇರು ಮಾರಿದ್ದು ಆಗ, 95 ರೂಪಾಯಿಗೆ ಒಂದು. ಆಗ ಅದಕ್ಕೆ ಪೂರ್ತಿ ಗಿರಾಕಿಗಳೇ ಸಿಕ್ಕಿರಲಿಲ್ಲ. ಆಮೇಲೆ ಬೋನಸ್ (ಪುಕ್ಕಟೆ ಕೊಡೋ ಹೆಚ್ಚುವರಿ ಷೇರು) ಮೇಲೆ ಬೋನಸ್, ಒಂದು ಸ್ಪ್ಲಿಟ್ (ಒಂದು ಷೇರನ್ನು ಒಡೆದು ಎರಡು ಮಾಡೋದು). ಆ 100 ಇವತ್ತು 1,02,400 ಷೇರು. 2024-25ರ ಡಿವಿಡೆಂಡ್ ಒಂದೇ 44 ಲಕ್ಷ ದಾಟುತ್ತೆ. ಹಾಕಿದ್ದು 9,500.

ಅಪ್ಪ ಈ ಲೆಕ್ಕವನ್ನು ಮೌನವಾಗಿ ಕೇಳಿ, "ಅಷ್ಟು ವರ್ಷ ಅಡ್ರೆಸ್ಸು ಬದಲಾಯಿಸ್ದೆ, ಕಾಗದ ಕಳ್ಕೊಳ್ದೆ ಇದ್ದೋರು ಯಾರಾದ್ರೂ ಇದಾರಾ?" ಅಂತ ಕೇಳಿದರು. ಆಗ ಷೇರು ಅಂದರೆ ಕಾಗದದ ಸರ್ಟಿಫಿಕೇಟು. ಬೆಂಗಳೂರಿಗೇ ಒಂದು ಸ್ವಂತ ಷೇರುಪೇಟೆ ಇತ್ತು. 1963ರಲ್ಲಿ ಶುರುವಾಗಿ, ಜೆ.ಸಿ. ರಸ್ತೆಯಲ್ಲಿ ದೊಡ್ಡ ಕಟ್ಟಡ ಕಟ್ಟಿಕೊಂಡು, 2014ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ವ್ಯವಹಾರವೆಲ್ಲ ಪರದೆಗೆ ಹೋಗಿತ್ತು.

ಅಪ್ಪನ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. ಯಾಕೆಂದರೆ ಅವರ ಬಳಿ ಇನ್ನೊಂದು ಹಳೇ ಡಿಮ್ಯಾಟ್ ಖಾತೆ ಇದೆ ಅನ್ನೋದು ಆಗ ನೆನಪಾಯಿತು. 2010ರಲ್ಲಿ ಸರ್ಕಾರಿ ಕಂಪನಿಯೊಂದರ ಐಪಿಒಗೆ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರೋದಕ್ಕೆ ಅರ್ಜಿ ಹಾಕೋಕೆ ಅಂತ ತುಮಕೂರಿನಲ್ಲಿ ಒಬ್ಬ ಸಬ್-ಬ್ರೋಕರ್ ಹತ್ತಿರ ತೆಗೆಸಿದ್ದು. ಷೇರು ಸಿಕ್ಕಿತ್ತು, ಮಾರಿರಲಿಲ್ಲ. "ಮೊದಮೊದಲು ಡಿವಿಡೆಂಡ್ ಬರ್ತಿತ್ತು. ಆಮೇಲೆ ಕಂಪನಿ ಕೊಡೋದು ನಿಲ್ಲಿಸ್ತು" ಅಂದರು ಅಪ್ಪ.

ಕಂಪನಿ ನಿಲ್ಲಿಸಿರಲಿಲ್ಲ. ನಿಂತುಹೋಗಿದ್ದು ಬ್ಯಾಂಕು. ಕರ್ನಾಟಕದಲ್ಲಿ ಹುಟ್ಟಿದ ಎಷ್ಟು ಬ್ಯಾಂಕುಗಳು ಹೀಗೆ ಹೋದವು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ. ನಾಲ್ಕೂ ಏಪ್ರಿಲ್ 1ರಂದೇ. ಹೀಗೆ ವಿಲೀನವಾದ ಬ್ಯಾಂಕುಗಳಲ್ಲಿ ಒಂದರ ಖಾತೆಯೇ ಅಪ್ಪನ ಹಳೇ ಡಿಮ್ಯಾಟಿಗೆ ಜೋಡಿಸಿತ್ತು. ಹೊಸ ಪಾಸ್‌ಬುಕ್ ಬಂತು, ಐಎಫ್‌ಎಸ್‌ಸಿ ಬದಲಾಯಿತು. ಗ್ಯಾಸಿನವರಿಗೆ ಹೇಳಿದರು, ಪಿಂಚಣಿಯವರಿಗೆ ಅಮ್ಮನ ಕೈಲಿ ಹೇಳಿಸಿದರು. ಡಿಮ್ಯಾಟಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ.

ಕಂಪನಿಯ ವೆಬ್‌ಸೈಟಿನಲ್ಲಿ ಪಾವತಿಯಾಗದ ಡಿವಿಡೆಂಡ್ ಪಟ್ಟಿ ಹಾಕಿರಬೇಕು ಅಂತ ಕಾನೂನಿದೆ. ತೆರೆದೆ. ಸಾವಿರಾರು ಹೆಸರು. ಹುಡುಕಿದರೆ ಅಪ್ಪನ ಹೆಸರು, ನಮ್ಮ ಊರಿನ ಪಿನ್‌ಕೋಡು, ವರ್ಷ ವರ್ಷದ ಬಾಕಿ. ಆದಾಯ ತೆರಿಗೆಯವರ ಎಐಎಸ್, ಅಂದರೆ ನಮ್ಮ ವರ್ಷದ ಆದಾಯದ ಬಗ್ಗೆ ಅವರ ಹತ್ತಿರ ಇರೋ ಪಟ್ಟಿ, ತೆಗೆದು ನೋಡಿದರೆ ಅಲ್ಲೂ ಆ ಕಂಪನಿಯ ಡಿವಿಡೆಂಡ್ ಬರೆದಿತ್ತು. ಅಂದರೆ ಅಪ್ಪನಿಗೆ ದುಡ್ಡು ಬಂದಿದೆ ಅಂತ ದಿಲ್ಲಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ.

ಇದರಲ್ಲಿ ಹೆದರಬೇಕಾದ ಒಂದು ಲೆಕ್ಕ ಇದೆ. ಕೊಡಲಾಗದ ಡಿವಿಡೆಂಡ್ ಬೇರೆ ಖಾತೆಯಲ್ಲಿ ಏಳು ವರ್ಷ ಕೂರುತ್ತೆ. ಆಮೇಲೆ ಐಇಪಿಎಫ್ ಅನ್ನೋ ಸರ್ಕಾರಿ ನಿಧಿಗೆ ಹೋಗುತ್ತೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ತೆಗೆದುಕೊಳ್ಳದೆ ಇದ್ದರೆ ಷೇರೂ ಅದರ ಹಿಂದೆಯೇ ಹೋಗುತ್ತೆ. ವಾಪಸ್ ಪಡೆಯಬಹುದು, ಇಲ್ಲ ಅನ್ನಲ್ಲ. ಆದರೆ ಆ ಅರ್ಜಿ, ಆ ದಾಖಲೆ, ಆ ಓಡಾಟ. ಇನ್ನು ಎರಡು ವರ್ಷ ಸುಮ್ನೆ ಇದ್ದಿದ್ದರೆ ನಾವೂ ಆ ಸಾಲಿನಲ್ಲಿ ನಿಲ್ಲಬೇಕಿತ್ತು.

ಹಳೇ ಖಾತೆಯಲ್ಲಿ ಇನ್ನೊಂದು ಉಡುಗೊರೆ ಕಾದಿತ್ತು. ವರ್ಷದ ನಿರ್ವಹಣಾ ಶುಲ್ಕ, ಎಎಂಸಿ. ಯಾರೂ ಕೇಳಿರಲಿಲ್ಲ, ಯಾರೂ ಕಟ್ಟಿರಲಿಲ್ಲ. ಲೆಡ್ಜರಿನಲ್ಲಿ ಬಾಕಿ ಬೆಳೆದು ಸಾವಿರದ ಎಂಟುನೂರು ಚಿಲ್ಲರೆ ಆಗಿತ್ತು. ನಿಜ ಹೇಳಬೇಕೆಂದರೆ ಇಷ್ಟು ಕಡಿಮೆ ಹೂಡಿಕೆ ಇರುವವರಿಗೆ ಇದು ಸೊನ್ನೆಯೇ ಆಗಬಹುದು. ಬೇಸಿಕ್ ಸರ್ವಿಸಸ್ ಡಿಮ್ಯಾಟ್ ಅಂತ ಒಂದಿದೆ. 2024ರ ಸೆಪ್ಟೆಂಬರಿನಿಂದ, ಖಾತೆಯಲ್ಲಿರೋ ಷೇರಿನ ಮೌಲ್ಯ 4 ಲಕ್ಷದೊಳಗಿದ್ದರೆ ಎಎಂಸಿ ಇಲ್ಲ. 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಆದರೆ ಒಬ್ಬರಿಗೆ ಒಂದೇ ಡಿಮ್ಯಾಟ್ ಇರಬೇಕು. ದೊಡ್ಡಪ್ಪನ ಮಗ ಪ್ರೀತಿಯಿಂದ ತೆರೆದುಕೊಟ್ಟ ಎರಡನೇ ಖಾತೆಯಿಂದ ಅಪ್ಪನಿಗೆ ಆ ಸೌಲಭ್ಯ ತಪ್ಪಿತ್ತು. ಅವನಿಗೆ ರೆಫರಲ್ ದುಡ್ಡು ಸಿಕ್ಕಿತ್ತಂತೆ. ಇರಲಿ, ಮಗು.

ಹಳೇದನ್ನು ಮುಚ್ಚೋದು ಅಂತ ತೀರ್ಮಾನ ಮಾಡಿದೆವು. ಖಾತೆ ಮುಚ್ಚಿ ಷೇರುಗಳನ್ನು ಅದೇ ಹೆಸರಿನ ಇನ್ನೊಂದು ಡಿಮ್ಯಾಟಿಗೆ ಕಳಿಸಿದರೆ ವರ್ಗಾವಣೆ ಶುಲ್ಕ ಇಲ್ಲ. ಬಾಕಿ ಮಾತ್ರ ಕಟ್ಟಬೇಕು. ಅಪ್ಪ ಗೊಣಗುತ್ತಾ ಕಟ್ಟಿದರು.

ಎರಡನೇ ಪ್ರಶ್ನೆಗೆ ಆಗ ಬಂದರು. "ಈ ಆಪಿನೋನು ಬಾಗಿಲು ಹಾಕ್ಕೊಂಡು ಹೋದ್ರೆ ನನ್ನ ಷೇರಿನ ಗತಿ ಏನು?" ಕೊಬ್ಬರಿ ಮಂಡಿಗೆ ಇಳಿಸಿ ದುಡ್ಡಿಗೆ ತಿಂಗಳುಗಟ್ಟಲೆ ಅಲೆದವರು ಕೇಳೋ ಪ್ರಶ್ನೆ ಇದು.

ಷೇರು ಆಪಿನಲ್ಲಿ ಇರೋದಿಲ್ಲ. ಆಪ್ ಬರೀ ಕಿಟಕಿ. ಅಟ್ಟ ಇರೋದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಅನ್ನೋ ಡಿಪಾಸಿಟರಿಯಲ್ಲಿ, ನಮ್ಮದೇ ಹೆಸರಲ್ಲಿ. ಅವರು ನೇರವಾಗಿ ಮೇಲಿಗೆ ಕಳಿಸೋ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್ ಒಂದಿದೆ. ವ್ಯವಹಾರ ನಡೆದ ತಿಂಗಳು ತಪ್ಪದೆ ಬರುತ್ತೆ. ಅದರಲ್ಲಿ ಇರೋದೇ ನಿಜವಾದ ಲೆಕ್ಕ. ಆಪಿನಲ್ಲಿ ಕಾಣೋ ನಗದು ಮಾತ್ರ ಬೇರೆ, ಅದು ಬ್ರೋಕರ್ ಹತ್ತಿರ ಇರೋ ನಮ್ಮ ದುಡ್ಡು. ಷೇರುಪೇಟೆಯ ಮೇಲ್ವಿಚಾರಣೆ ಮಾಡೋ ಸೆಬಿಯ ನಿಯಮದ ಪ್ರಕಾರ ಅದನ್ನು ಅವರು ಮೂರು ತಿಂಗಳಿಗೋ ತಿಂಗಳಿಗೋ ಒಮ್ಮೆ ಬ್ಯಾಂಕಿಗೆ ವಾಪಸ್ ಕಳಿಸಲೇಬೇಕು. ಒಂದು ಶುಕ್ರವಾರ ಇದ್ದಕ್ಕಿದ್ದಂತೆ ಹಾಗೆ ಬಂದ ದುಡ್ಡು ನೋಡಿ ನಾನೇ ಡಿವಿಡೆಂಡ್ ಅಂದುಕೊಂಡು ಖುಷಿಪಟ್ಟಿದ್ದೇನೆ.

ಹಾಗಂತ ಅಪ್ಪನ ಭಯ ಸುಳ್ಳಲ್ಲ. 2019ರ ನವೆಂಬರಿನಲ್ಲಿ ಸೆಬಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಕ್ರಮ ತೆಗೆದುಕೊಂಡಿತು. ಗಿರಾಕಿಗಳು ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿ ಬಳಸಿ, ಅವರ ಷೇರುಗಳನ್ನೇ ಅಡವಿಟ್ಟು ಸಾಲ ಎತ್ತಿದ್ದು ಹೊರಗೆ ಬಂದಿತ್ತು. ಮಾರುವಾಗ ಟಿ-ಪಿನ್ ಹಾಕು, ಓಟಿಪಿ ಹಾಕು ಅಂತ ಆಪ್ ಕಾಡುತ್ತಲ್ವಾ, ಅಪ್ಪ ದಿನಾ ಬೈಯೋದು ಅದಕ್ಕೇ. ನಮ್ಮ ಅಟ್ಟದ ಬೀಗದ ಕೈ ನಮ್ಮ ಕೈಲೇ ಇರಲಿ ಅಂತ ಆ ಕಾಟ. ಇದನ್ನು ಹೇಳಿದ ಮೇಲೆ ಬೈಗುಳ ಕಡಿಮೆಯಾಗಿದೆ. ನಿಂತಿಲ್ಲ.

ಇನ್ನು ಖರ್ಚಿನ ವಿಷಯ. ಅಪ್ಪನಿಗೆ ಬಹಳ ಇಷ್ಟವಾದ ಭಾಗ ಇದು. ಮಂಡಿಯಲ್ಲಿ ಕಮಿಷನ್, ಸೆಸ್ಸು, ಹಮಾಲಿ, ತೂಕದ ಕೂಲಿ ಅಂತ ಹಿಡಿಯೋದರಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಅಂತ ಅವರಿಗೆ ಬಾಯಿಪಾಠ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟು ಕೈತೊಳೆದುಕೊಳ್ಳೋ ದಲ್ಲಾಳಿಗಳನ್ನೂ ಕಂಡವರು. ಷೇರಿನ ಕಾಂಟ್ರ್ಯಾಕ್ಟ್ ನೋಟ್ ಅಂದರೆ ಬಿಳಿ ಚೀಟಿ ಅಲ್ಲ, ಪಕ್ಕಾ ಬಿಲ್ಲು ಅಂದೆ. ವ್ಯವಹಾರ ಮಾಡಿದ ದಿನವೇ ಮೇಲಿಗೆ ಬರುತ್ತೆ. ಅಪ್ಪ ಒಂದನ್ನೂ ತೆರೆದಿರಲಿಲ್ಲ. ನೀವು ಎಷ್ಟು ತೆರೆದಿದ್ದೀರಿ?

"ಬ್ರೋಕರೇಜ್ ಸೊನ್ನೆ ಅಂದ್ರಲ್ಲ?" ಅಂದರು. ಹೌದು, ದಲ್ಲಾಳಿಯ ಆ ಕಮಿಷನ್ ಸೊನ್ನೆಯೇ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝೆರೋಧಾ ಅನ್ನೋ ಬ್ರೋಕರ್ ಕಂಪನಿ 2015ರ ಡಿಸೆಂಬರಿನಲ್ಲಿ ಷೇರು ಕೊಂಡು ಇಟ್ಟುಕೊಳ್ಳೋ ವ್ಯವಹಾರಕ್ಕೆ ಬ್ರೋಕರೇಜ್ ತೆಗೆದುಹಾಕಿತು. ಎಲ್ಲ ಆಪ್‌ಗಳೂ ಹಾಗಿಲ್ಲ, ಕೆಲವು ಆರ್ಡರಿಗೆ 20 ರೂಪಾಯಿವರೆಗೆ ಹಿಡಿಯುತ್ತವೆ. ಸೊನ್ನೆ ಹಿಡಿದು ಹೇಗೆ ಬದುಕ್ತಾರೆ ಅಂತ ಕೇಳಬೇಡಿ. ಎಫ್ ಅಂಡ್ ಓ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಕಟ್ಟೋ ಫ್ಯೂಚರ್ಸ್-ಆಪ್ಷನ್ಸ್ ಆಟ, ಆಡೋರು ಕಟ್ಟೋ ಶುಲ್ಕದಲ್ಲಿ ನಮ್ಮಂಥವರ ಪುಕ್ಕಟೆ ಊಟ ನಡೀತಿದೆ. 2021-22ರಿಂದ ಮೂರು ವರ್ಷದ ಲೆಕ್ಕ ತೆಗೆದು, ಆ ಆಟದಲ್ಲಿ ನೂರಕ್ಕೆ 93 ಜನ ಕಳೆದುಕೊಂಡರು ಅಂತ ಸೆಬಿಯೇ ಹೇಳಿದೆ. ಅದನ್ನು ನೆನೆಸಿಕೊಂಡರೆ ಆ ಸೊನ್ನೆ ಅಷ್ಟೇನೂ ರುಚಿಸಲ್ಲ.

ಬ್ರೋಕರೇಜ್ ಸೊನ್ನೆಯಾದರೂ ಬಿಲ್ಲು ಸೊನ್ನೆಯಾಗಲ್ಲ. ಅಪ್ಪನ 60,000ದ ಖರೀದಿಯನ್ನೇ ತೆಗೆದುಕೊಂಡೆವು. ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, ನೂರಕ್ಕೆ ಹತ್ತು ಪೈಸೆ, ಒಟ್ಟು 60 ರೂಪಾಯಿ. ಇದು ಕೇಂದ್ರ ಸರ್ಕಾರಕ್ಕೆ. ಲಾಭವಾಗಲಿ ನಷ್ಟವಾಗಲಿ, ಕೊಳ್ಳುವಾಗಲೂ ಮಾರುವಾಗಲೂ. ಸ್ಟ್ಯಾಂಪ್ ಡ್ಯೂಟಿ ಲಕ್ಷಕ್ಕೆ 15 ರೂಪಾಯಿ, ಕೊಳ್ಳುವಾಗ ಮಾತ್ರ. ಅದು 9. ಷೇರುಪೇಟೆಯ ಶುಲ್ಕ ಲಕ್ಷಕ್ಕೆ ಸುಮಾರು 3 ರೂಪಾಯಿ, ಸೆಬಿಗೆ ಕೋಟಿಗೆ 10 ರೂಪಾಯಿ, ಈ ಚಿಲ್ಲರೆಯ ಮೇಲೆ ನೂರಕ್ಕೆ 18 ಜಿಎಸ್‌ಟಿ. ಎಲ್ಲ ಸೇರಿ 71.

"ಪರವಾಗಿಲ್ಲ, ಮಂಡಿಗಿಂತ ಎಷ್ಟೋ ವಾಸಿ" ಅಂದರು. ಮಾರುವಾಗ ಒಂದು ಹೊಸ ಸಾಲು ಬರುತ್ತೆ, ಡಿಪಿ ಚಾರ್ಜ್. ಡಿಮ್ಯಾಟಿನಿಂದ ಷೇರು ಆಚೆ ತೆಗೆಯೋಕೆ. ಅಪ್ಪನ ಆಪಿನಲ್ಲಿ ಜಿಎಸ್‌ಟಿ ಸೇರಿ 15.34. ಬೇರೆ ಕಡೆ ಹೆಚ್ಚುಕಮ್ಮಿ ಇರಬಹುದು. ಇದು ಎಷ್ಟು ಷೇರು ಅನ್ನೋದರ ಮೇಲಲ್ಲ. ಒಂದು ಕಂಪನಿಗೆ, ಒಂದು ದಿನಕ್ಕೆ ಇಷ್ಟು. ಒಂದು ಷೇರು ಮಾರಿದರೂ ಅಷ್ಟೇ, ಸಾವಿರ ಮಾರಿದರೂ ಅಷ್ಟೇ. ಮತ್ತೆ ಇದು ಕಾಂಟ್ರ್ಯಾಕ್ಟ್ ನೋಟಿನಲ್ಲಿ ಇರೋದಿಲ್ಲ, ಲೆಡ್ಜರಿನಲ್ಲಿ ಹೋಗಿ ಕೂತಿರುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಇದು ಕಾಣಿಸೋದೇ ಇಲ್ಲ.

ಅಪ್ಪನ ಮುಖ ಸಣ್ಣಗಾಯಿತು. ಕೈಪಳಗಿಸಿಕೊಳ್ಳೋಕೆ ಅಂತ ಇನ್ನೊಂದು ಕಂಪನಿಯ ಷೇರನ್ನು ದಿನಕ್ಕೆ ಎರಡರಂತೆ ಐದು ದಿನ ಮಾರಿದ್ದರು. ಒಂದರ ಬೆಲೆ 150 ರೂಪಾಯಿ. ಹತ್ತು ಷೇರಿಗೆ ಬಂದಿದ್ದು 1,500, ಡಿಪಿ ಚಾರ್ಜಿಗೇ ಹೋಗಿದ್ದು 76 ರೂಪಾಯಿ 70 ಪೈಸೆ. "ಹತ್ತು ಗಿಟುಕಿಗೆ ಐದು ಸಲ ಟೆಂಪೋ ಮಾಡ್ದಂಗಾಯ್ತು" ಅಂದರು.

ಕೊನೆಗೆ ಆ 120 ಷೇರಿನ ಪೂರ್ತಿ ಲೆಕ್ಕ ಹಾಕಿದೆವು. ಆಪ್ ಹೇಳೋದು ಮೈನಸ್ 1,200. ಬ್ಯಾಂಕಿಗೆ ಬಂದ ಡಿವಿಡೆಂಡ್ 1,440, ಅದು ಆಪಿನ ಲೆಕ್ಕದಲ್ಲಿ ಇಲ್ಲ. ಸೇರಿಸಿದರೆ 240 ಲಾಭ. ಕೊಳ್ಳುವಾಗ ಆದ ಖರ್ಚು 71, ಅದೂ ಆ ಕೆಂಪು ಅಂಕಿಯಲ್ಲಿ ಇಲ್ಲ. ಕಳೆದರೆ 169. ಅವತ್ತೇ 490ಕ್ಕೆ ಮಾರಿದರೆ ಎಸ್‌ಟಿಟಿ, ಡಿಪಿ ಚಾರ್ಜ್ ಎಲ್ಲ ಸೇರಿ 76 ಹೋಗುತ್ತೆ. ಉಳಿಯೋದು 93 ರೂಪಾಯಿ, ಡಿವಿಡೆಂಡಿನ ತೆರಿಗೆ ಬಿಟ್ಟು. ಪರದೆ ಮೇಲೆ ನಷ್ಟ, ಪುಸ್ತಕದಲ್ಲಿ ಲಾಭ. ಎರಡೂ ಇಷ್ಟಿಷ್ಟೇ. ಆದರೆ ಒಂದು ತಿಂಗಳು ಅಪ್ಪ ನಿದ್ದೆಗೆಟ್ಟಿದ್ದು ಆ ಕೆಂಪು ಬಣ್ಣ ನೋಡಿ. ಆ ಬಣ್ಣ ಆರಿಸಿದವರು ಯಾರೋ, ಅವರಿಗೆ ವಯಸ್ಸಾದ ಅಪ್ಪ ಇರಲಿಕ್ಕಿಲ್ಲ.

ಹಳೇ ಬಾಕಿಗೆ ರಿಜಿಸ್ಟ್ರಾರಿಗೆ ಮೇಲ್ ಬರೆದೆ. ಅವರು ಕೇಳಿದ್ದು ಹೊಸ ಬ್ಯಾಂಕ್ ವಿವರ ಇರೋ ಕ್ಲೈಂಟ್ ಮಾಸ್ಟರ್ ಲಿಸ್ಟು (ಡಿಮ್ಯಾಟ್ ಖಾತೆಯ ವಿವರದ ಹಾಳೆ), ಗೆರೆ ಎಳೆದ ಚೆಕ್ಕು, ಪ್ಯಾನಿನ ಪ್ರತಿ. ಅಪ್ಪ ಸಹಿ ಹಾಕುವಾಗ ಕೈ ನಡುಗಿ 2010ರ ಸಹಿಗೂ ಇದಕ್ಕೂ ಹೋಲಲಿಲ್ಲ, ಇನ್ನೊಮ್ಮೆ ಕಳಿಸಬೇಕಾಯಿತು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅಪ್ಪನ ಫೋನಿಗೆ ಸಾಲಾಗಿ ಒಂಬತ್ತು ಮೆಸೇಜು. ಬೇರೆ ಬೇರೆ ವರ್ಷದ ಒಂಬತ್ತು ಡಿವಿಡೆಂಡು, ಒಂದೊಂದೇ.

ದೀಪಾವಳಿಗೆ ಹೋದಾಗ ಅಪ್ಪ ಜಮಾ-ಖರ್ಚಿನ ಪುಸ್ತಕ ಮುಂದಿಟ್ಟರು. ಷೇರಿಗೆ ಅಂತ ಹೊಸ ಪುಟ ಮಾಡಿದ್ದರು. ಜಮಾ ಕಡೆ ಒಂಬತ್ತು ಸಾಲು. ಖರ್ಚಿನ ಕಡೆ ಎಸ್‌ಟಿಟಿ ಅಂತ ಎಲ್ಲೂ ಇಲ್ಲ, ಸೆಸ್ಸು ಅಂತ ಬರೆದಿದ್ದರು. ಅದರ ಕೆಳಗೆ, ಅವರದೇ ಗುಂಡು ಅಕ್ಷರದಲ್ಲಿ: ಹಮಾಲಿ, 15.34.